ರೇವಣಪ್ಪನ ಕತ್ತು

ಹನುಮಂತಮ್ಮ ನಾನು, ಕಡೂರು ಬಸ್‌ಸ್ಟ್ಯಾಂಡಲ್ಲಿ ಹೂವು ಮಾರೋಳು. ನನ್ನ ಬುಟ್ಟಿ ಪಕ್ಕ ನಿಂತು "ತರೀಕೆರೆ, ತರೀಕೆರೆ, ಅಜ್ಜಂಪುರ" ಅಂತ ಪ್ರೈವೇಟ್ ಬಸ್ಸಿಗೆ ಜನಾನ ಕೂಗಿ ಹತ್ತಿಸ್ತಿದ್ದೋನು ರೇವಣಪ್ಪ. ಹೆಂಡ್ತಿ ತೀರ್ಥಮ್ಮ ಸತ್ಮೇಲೆ ಅವನಿಗೆ ಉಳಿದಿದ್ದು ಆ ಗಂಟಲು, ಬಾಯಲ್ಲಿಡೋ ಕಡ್ಡಿಪುಡಿ ತಂಬಾಕು ಎರಡೇ. ಕೊನೇ ಬಸ್ ಹೋದ್ರೂ ಮನೆ ಕಡೆ ಹೋಗ್ತಿರ್ಲಿಲ್ಲ. "ಹೋಗಿ ಯಾರ ಹತ್ರ ಮಾತಾಡ್ಲಿ ಹನುಮಕ್ಕ" ಅನ್ನೋನು.

ನಾಲಿಗೆ ಅಂಚಲ್ಲಿ ಹುಣ್ಣಾಯ್ತು. ಉಷ್ಣ ಅಂದ, ಖಾರ ಅಂದ. ಬೈದು ಬೈದು ಶಿವಮೊಗ್ಗದ ಆಸ್ಪತ್ರೆಗೆ ನಾನೇ ಎಳ್ಕೊಂಡು ಹೋದೆ. ಕ್ಯಾನ್ಸರ್ ಅಂದ್ರು.

ಆಪರೇಷನ್ ಮಾಡೋ ಡಾಕ್ಟ್ರು ಕೃತಿಕಾ ಅಂತ. ಅವನ ಹಿಂದೆ ನಿಂತು ದವಡೆ ಕೆಳಗೆ, ಕತ್ತಿನುದ್ದಕ್ಕೂ ಒತ್ತಿ ಒತ್ತಿ ನೋಡಿದ್ರು. ಸ್ಕ್ಯಾನೂ ಆಯ್ತು. "ಗಂಟು ಕಾಣಲ್ಲ. ಆದ್ರೆ ಹುಣ್ಣು ಆಳಕ್ಕಿಳಿದಿದೆ. ಕತ್ತಿನ ಗ್ರಂಥಿಗಳಲ್ಲಿ ಕಾಯಿಲೆ ಕಾಣದಷ್ಟು ಸಣ್ಣದಾಗಿ ಕೂತಿರಬಹುದು. ನಾಲಿಗೆ ಹುಣ್ಣಿನ ಜೊತೆಗೇ ಅವನ್ನೂ ತೆಗೆಯೋದು ಒಳ್ಳೇದು" ಅಂದ್ರು.

ಕತ್ತು ಕೊಯ್ದ್ರೆ ಗಂಟಲೇ ಹೋಗುತ್ತೆ ಅಂತ ಇವನ ಭಯ. "ಇಲ್ಲದ ಗಂಟನ್ನ ಯಾಕ್ ಕೊಯ್ತೀರಾ? ಬಂದಾಗ ನೋಡ್ಕೊಂಡ್ರಾಯ್ತು."

"ಕಾಯೋದಾದ್ರೆ ತಪ್ಪದೆ ಬಂದು ತೋರಿಸ್ಬೇಕು. ಮನೇಲೂ ಯಾರಾದ್ರೂ ಮುಟ್ಟಿ ನೋಡ್ತಿರಬೇಕು. ಯಾರಿದ್ದಾರೆ?"

"ಹೆಂಡ್ತಿ ಇದ್ದಾಳೆ. ದಿನಾ ನೋಡ್ತಾಳೆ ಬಿಡಿ."

ನನಗೆ ರೇಗಿಹೋಯ್ತು. "ಸುಳ್ಳು ಕಣ್ರೀ ಡಾಕ್ಟ್ರೇ. ತೀರ್ಥಮ್ಮ ಮಣ್ಣಾಗಿ ಎಷ್ಟೋ ವರ್ಷ ಆಯ್ತು. ಇವನ ಮನೇಲಿ ಒಂದು ಬೆಕ್ಕೂ ಇಲ್ಲ. ಸತ್ರೆ ವಾಸನೆ ಬಂದ್ಮೇಲೇ ಗೊತ್ತಾಗೋದು."

ರೇವಣಪ್ಪ ತಲೆ ಎತ್ತಲಿಲ್ಲ. ಡಾಕ್ಟ್ರು ಕುರ್ಚಿ ಎಳ್ಕೊಂಡು ಅವನ ಎದುರಿಗೆ ಕೂತು, "ಕತ್ತಿನ ಗ್ರಂಥಿ ತೆಗೆಯೋದ್ರಿಂದ ಧ್ವನಿ ಹೋಗಲ್ಲಪ್ಪ. ಮಾತು ತೊದಲಬಹುದು, ಅದು ನಾಲಿಗೆ ಕೊಯ್ಯೋದ್ರಿಂದ" ಅಂದ್ರು. ರೇವಣಪ್ಪ ಕೊರಳಿನ ಶಿವದಾರ ತೆಗೆದು ತೋಳಿಗೆ ಕಟ್ಕೊಂಡ. ಕತ್ತು ಕೊಯ್ಯೋಕೆ ಅದೇ ಅವನ ಒಪ್ಪಿಗೆ.

ತೆಗೆದ ಗ್ರಂಥಿಗಳಲ್ಲಿ ಒಂದರಲ್ಲಿ, ಯಾರ ಕೈಗೂ ಸಿಗದಿದ್ದ ಒಂದರಲ್ಲಿ, ಕಾಯಿಲೆ ಇತ್ತು. ರೇಡಿಯೇಷನ್ನೂ ಕೊಟ್ರು. ಈಗ ತರೀಕೆರೆ ಅನ್ನೋಕೆ ನಾಲಿಗೆ ಹೊರಳಲ್ಲ, ಕತ್ತು ಕೊಯ್ದ ಕಡೆ ಭುಜ ಮೇಲೇಳಲ್ಲ. ಕೂಗೋಕೆ ಬೇರೆಯೋನು ಬಂದಿದಾನೆ.

ಕತ್ತಿನ ಇನ್ನೊಂದು ಕಡೆ ಗಂಟು ಬರಬಹುದು, ತಿಂಗಳಿಗೊಂದ್ಸಲ ಮುಟ್ಟಿ ನೋಡಿ ಅಂತ ಡಾಕ್ಟ್ರು ನನ್ನ ಬೆರಳು ಹಿಡಿದು ಕಲಿಸಿದ್ರು. ಊರಿಗೆ ಬಂದ್ಮೇಲೆ ಹೂವಿನ ಕೈ ಸೆರಗಿಗೆ ಒರೆಸ್ಕೊಂಡು ನೋಡಿದೆ. ಕಣ್ಣು ಮುಚ್ಕೊಂಡು ಕೂತಿದ್ದ. ಏನೂ ಸಿಗ್ಲಿಲ್ಲ. "ಆಯ್ತು ಏಳೋ" ಅಂದೆ. ಏಳಲಿಲ್ಲ.

ಮಾರನೇ ದಿನ ಬಂದು ಬುಟ್ಟಿ ಪಕ್ಕ ಕೂತ. "ಹನುಮಕ್ಕ, ಕತ್ತು ನೋಡು."

"ನಿನ್ನೆ ತಾನೆ ನೋಡಿದ್ನಲ್ಲೋ. ತಿಂಗಳಿಗೊಂದ್ಸಲ ಸಾಕು ಕಣೋ."

"ಇವತ್ತೂ ನೋಡು."

ದಿನಾ ಬರ್ತಾನೆ. ದಿನಾ ನೋಡ್ತೀನಿ.