ಹೊಳೆಯ ತಳದ ಉಪ್ಪು

ನೀರಿಳಿದ ಹೊಳೆಯ ಕೆಸರಿಗೆ ಕೊಳೆತ ತೆಂಗಿನ ಸಿಪ್ಪೆಯ ವಾಸನೆ. ಚಿಕ್ಕಂದಿನಲ್ಲಿ ಶಾಲೆ ಮುಟ್ಟುವವರೆಗೂ ಅದು ನನ್ನ ಲಂಗ ಬಿಡುತ್ತಿರಲಿಲ್ಲ. ಬಸ್ರೂರು ಬಳಿಯ ಕಿಂಡಿ ಅಣೆಕಟ್ಟಿನ ಮೇಲೆ ಈ ನಸುಕಿನಲ್ಲೂ ಅದೇ ವಾಸನೆ. ಉಬ್ಬರ ಈಗಷ್ಟೇ ಏರತೊಡಗಿದೆ. ಅರವತ್ತಾರು ವರ್ಷದ ಮುತ್ತ ಮೊಗವೀರರು ಕಲ್ಲು ಕಟ್ಟಿದ ಬಾಟಲಿಯನ್ನು ತಳಕ್ಕೆ ಇಳಿಬಿಟ್ಟು, ಇನ್ನೊಂದು ದಾರದಿಂದ ಬಿರಡೆ ಎಳೆಯುತ್ತಾರೆ. ಮೇಲೆ ಬಂದ ನೀರಿನ ಒಂದು ಹನಿ ನಾಲಿಗೆಗೆ. ಉಗುಳುತ್ತಾರೆ. ಮುಖ ಗಂಟಾಗುತ್ತದೆ. ಉಳಿದ ನೀರನ್ನು ಹೊಳೆಗೇ ಚೆಲ್ಲಿಬಿಡುತ್ತಾರೆ.

ಸಮುದ್ರದ ಉಪ್ಪು ಹೊಳೆಗೆ ಹತ್ತಿದ ದಿನವೇ, ಅದು ಮೇಲಕ್ಕೆ ನುಗ್ಗದಂತೆ, ಅಣೆಕಟ್ಟಿನ ಕಿಂಡಿಗಳಿಗೆ ಹಲಗೆ ಬೀಳಬೇಕು. ತಡವಾದರೆ ನಲವತ್ತು ಮನೆಗಳ ಸುಗ್ಗಿ ಬೆಳೆಯ ಭತ್ತದ ಸಸಿ ಕರಟುತ್ತದೆ, ಬಾವಿ ಕೆಡುತ್ತದೆ. ಮೂವತ್ತೊಂದು ವರ್ಷ ಆ ದಿನವನ್ನು ಹೇಳಿದ್ದು ಇವರ ನಾಲಿಗೆ. ಸಂಕ್ರಾಂತಿ ಕಳೆದು ಬರುತ್ತಿದ್ದ ಉಪ್ಪು ಈಗೀಗ ತಿಂಗಳು ಮೊದಲೇ, ಷಷ್ಠಿ ಹಬ್ಬಕ್ಕೇ ಬರುತ್ತದೆ.

ಹವಾಮಾನ ಬದಲಾವಣೆಗೆ ಜನರನ್ನು ಸಜ್ಜುಗೊಳಿಸಲು ರಾಜ್ಯ ಸರ್ಕಾರ ಹೊಸ ಕಚೇರಿ ತೆರೆದಿದೆ. ಈ ವರ್ಷದಿಂದ ಹಲಗೆಯ ದಿನ ಹೇಳುವುದು ಅಲ್ಲಿಂದ ಬಂದ ಅಧಿಕಾರಿ ಶರಣ್ಯಾ ಅವರ ಉಪ್ಪು ಅಳೆಯುವ ಮೀಟರು.

"ಮೊದ್ಲ್ ಎಲ್ರೂ 'ಹ್ವಾಯ್ ಮುತ್ತಣ್ಣ, ಹೊಳಿ ಎಂತ ಹೇಳತ್?' ಅಂದೇಳಿ ಕೇಂತಿದ್ರ್. ಈಗ ಆ ಹೆಣ್ಣನ್ನ್ ಕೇಂತ್ರ್," ಎನ್ನುತ್ತಾರೆ ಮುತ್ತ. "ಚಾ ಅಂಗ್ಡಿ ಪದ್ದುನ್ ಕಾಣಿ. ಅವ್ಳಿಗೆ ಸ್ಟೀಲ್ ಲೋಟ, ನಂಗೆ ಕಾಗ್ದದ್ದ್! ಹೊಟ್ಟಿ ಉರೂದಿಲ್ಲೆ ಅಂದ್ರೆ ಸುಳ್ಳಾತ್."

ತುಸು ದೂರದ ಕಿಂಡಿಯ ಬಳಿ ಶರಣ್ಯಾ ಮೀಟರು ಅದ್ದಿ ನೋಡುತ್ತಾರೆ. "ಸಿಹಿನೀರೇ ಇದೆ. ಹಲಗೆಗೆ ಇನ್ನೂ ಒಂದು ವಾರ ಇದೆ."

"ಮುತ್ತಣ್ಣ, ನಿಮ್ ನಾಲಿಗಿಗೆ ಪೆನ್ಶನ್ ಆಯ್ತಲೆ!" ಅಣೆಕಟ್ಟಿನ ತುದಿಯ ಅಂಗಡಿಯಿಂದ ಪದ್ದು ನಗುತ್ತಾರೆ.

ಮುತ್ತ ಬೀಡಿ ಹಚ್ಚುತ್ತಾರೆ. "ಉಪ್ಪ್ ಬಂದಾಯ್ತ್. ಅವ್ಳ್ ತಪ್ಪ್ ಊರಿಗೇ ಗೊತ್ತಾಗ್ಲಿ ಅಂದೇಳಿ ಮನ್ಸಿಗ್ ಕಾಣತ್," ಎಂದು ನನ್ನ ಬಳಿ ಪಿಸುಗುಟ್ಟುತ್ತಾರೆ. ಬೀಡಿ ಮುಗಿಯುವ ಮೊದಲೇ ಆಚೆ ದಡದ ಸಸಿಮಡಿ ನೋಡಿ ಎದ್ದುಬಿಡುತ್ತಾರೆ.

"ಹ್ವಾಯ್ ಅಮ್ಮ, ಸಿಹಿನೀರ್ ಹಗುರ, ಮೇಲೇ ಇರತ್. ಉಪ್ಪ್ ಕಳ್ಳನ್ ಹಾಂಗೆ ಅಡಿಯಿಂದ ಬಪ್ಪುದ್."

ಮೀಟರಿನ ತಂತಿಗೆ ತಮ್ಮ ಕಲ್ಲನ್ನು ತಾವೇ ಕಟ್ಟಿಕೊಡುತ್ತಾರೆ. ತಳ ಮುಟ್ಟಿದ್ದೇ ಅಂಕಿ ಜಿಗಿಯುತ್ತದೆ. ಶರಣ್ಯಾ ಕಚೇರಿಗೆ ಫೋನು ಮಾಡುತ್ತಾರೆ: "ಹಲಗೆ ಇವತ್ತೇ ಹಾಕಬೇಕು." ಆಮೇಲೆ ವರದಿಯಲ್ಲಿ 'ಪತ್ತೆ ಹಚ್ಚಿದವರು' ಎಂಬಲ್ಲಿ ತಮ್ಮ ಹೆಸರು ಹೊಡೆದುಹಾಕಿ ಮುತ್ತರ ಹೆಸರು ಬರೆಯುತ್ತಾರೆ.

"ಉಪಕರಣ ಯಾವುದು ಅಂತ ಬರೆಯಲಿ?"

"ನಾಲಿಗಿ ಅಂದೇಳಿ ಬರಿ."

ಹಾಗೆಯೇ ಬರೆಯುತ್ತಾರೆ. ಚಾ ಬರುತ್ತದೆ. ಶರಣ್ಯಾ ಸ್ಟೀಲ್ ಲೋಟವನ್ನು ಮುತ್ತರತ್ತ ಸರಿಸಿ, ಕಾಗದದ್ದನ್ನು ತಾವು ಎತ್ತಿಕೊಳ್ಳುತ್ತಾರೆ. ನಸುಕಿನಿಂದ ಆಕೆ ಏನೂ ತಿಂದಿಲ್ಲವೆಂಬುದನ್ನು ಮುತ್ತ ಕಂಡಿದ್ದಾರೆ. ತಮ್ಮ ಗಂಜಿಯ ಬುತ್ತಿಯನ್ನು ಆಕೆಯ ಕೈಗಿಟ್ಟು, ಹಲಗೆ ಹೊರಲು ಹೋಗುತ್ತಾರೆ.