ಮಾಳಿಗೆಗೆ ಉಡಿಸಿದ ಸೀರೆ

ಹಳೆಯ ರೇಷ್ಮೆಗೆ ಒಂದು ವಾಸನೆ ಇರುತ್ತದೆ. ನುಸಿಗುಳಿಗೆ, ಅಕ್ಕಿಗಂಜಿ, ಟ್ರಂಕಿನ ತುಕ್ಕು, ಇನ್ನೂ ಏನೋ ಒಂದು… ಕಳೆದ ತಿಂಗಳು ಚಿತ್ರದುರ್ಗದಲ್ಲಿ ಸಹೋದ್ಯೋಗಿಯೊಬ್ಬರ ಹೊಸ ಮನೆಗೆ ಹೋದಾಗ ಹೊಸ್ತಿಲಲ್ಲೇ ಅದು ಮೂಗಿಗೆ ಬಡಿಯಿತು. ಅವರು ತಮ್ಮ ಅಜ್ಜಿಯ ಸೀರೆಗಳನ್ನು ಕತ್ತರಿಸಿ ಕಿಟಕಿಗೆ ಪರದೆ ಮಾಡಿಸಿದ್ದರು, ದಿಂಬಿಗೆ ಕವರು ಹೊಲಿಸಿದ್ದರು. ಒಂದು ಮೊಳಕಾಲ್ಮೂರು ಸೀರೆಯನ್ನಂತೂ ಹಾಲ್‌ನ ತಾರಸಿಯ ಕೆಳಗೆ ಚಪ್ಪರದ ಹಾಗೆ ಇಳಿಬಿಟ್ಟಿದ್ದರು. "ಇದರ ಕೆಳಗೇ ಕೂತ್ಕೊಳ್ಳಿ ಮೇಡಂ, ಫೋಟೊ ಚೆನ್ನಾಗಿ ಬರುತ್ತೆ" ಎಂದರು. ನಾನು ಕೂರಲಿಲ್ಲ. ಗಾಳಿ ಬೇಕು ಎಂದು ನೆಪ ಹೇಳಿ ಬಾಲ್ಕನಿಗೆ ಹೋಗಿ ನಿಂತೆ. ಅದು ಕಾಂಕ್ರೀಟಿನ ತಾರಸಿ ಎಂಬುದು ಗೊತ್ತಿತ್ತು. ಗೊತ್ತಿದ್ದೂ ಹೊರಡುವ ಹೊತ್ತಿನವರೆಗೆ ಒಳಗೆ ಬರಲಿಲ್ಲ.

ದೊಡ್ಡವ್ವನ ಮಾಳಿಗೆ ಬಿದ್ದು ಇಪ್ಪತ್ತೈದು ವರ್ಷದ ಮೇಲಾಯಿತು. ಬಿದ್ದಾಗ ನಾನು ಆ ಮನೆಯೊಳಗೇ ಇದ್ದೆ. ಆ ಮಧ್ಯಾಹ್ನವನ್ನು ಮೊದಲಿನಿಂದ ಕೊನೆಯವರೆಗೆ ಎಷ್ಟು ಸಲ ಜೋಡಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಯಾವುದಾದರೂ ಒಂದು ತುಂಡು ಬೇರೆ ಜಾಗದಲ್ಲಿ ಹೋಗಿ ಕೂರುತ್ತದೆ.

ಅವಳು ನನ್ನ ಸ್ವಂತ ದೊಡ್ಡವ್ವ ಅಲ್ಲ. ಯಲ್ಲದಕೆರೆಯಲ್ಲಿ ನಮ್ಮ ಪಕ್ಕದ ಮನೆಯವಳು. ಗಂಡ ತೀರಿಕೊಂಡಿದ್ದ, ಇದ್ದವಳು ಒಬ್ಬಳೇ ಮಗಳು. ಮಗಳು ನನಗಿಂತ ನಾಲ್ಕು ವರ್ಷ ದೊಡ್ಡವಳಾದ್ದರಿಂದ ಅಕ್ಕ ಎನ್ನುತ್ತಿದ್ದೆ. ದೊಡ್ಡವ್ವ ಪಡಸಾಲೆಯ ಕಿಟಕಿ ಪಕ್ಕ ಹೊಲಿಗೆ ಮಿಷನ್ ಇಟ್ಟುಕೊಂಡು ಊರ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು. ನಾನಾಗ ಹಿರಿಯೂರಿನ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ. ಬಸ್ಸಿಳಿದು ಮನೆಗೆ ಹೋಗುವ ಮೊದಲು ಅವಳ ಮಿಷನ್ನಿನ ಪಕ್ಕ ಸ್ವಲ್ಪ ಹೊತ್ತು ಕೂರುವುದು ರೂಢಿಯಾಗಿತ್ತು.

ನಮ್ಮ ಕಡೆಯ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಸೊಪ್ಪು ಹಾಸಿ, ಅದರ ಮೇಲೆ ಮೊಣಕಾಲೆತ್ತರ ಮಣ್ಣು. ಸೋರಬಾರದೆಂದು ಪ್ರತಿ ವರ್ಷ ಮಳೆಗೆ ಮುಂಚೆ ಮೇಲೊಂದು ಪದರ ಚೌಳು ಮಣ್ಣು ಹರಡುತ್ತಿದ್ದರು. ಹೀಗಾಗಿ ಮನೆಗೆ ವಯಸ್ಸಾದಷ್ಟೂ ಅದರ ತಲೆಯ ಭಾರ ಹೆಚ್ಚುತ್ತಿತ್ತು. ಕೆಳಗೆ ಸದಾ ಒಂದಿಷ್ಟು ಮಣ್ಣು ಉದುರುತ್ತಿತ್ತು. ಅದನ್ನು ಯಾರೂ ಕೊಳಕು ಎನ್ನುತ್ತಿರಲಿಲ್ಲ. ಬೆಳಿಗ್ಗೆ ಕಸ ಗುಡಿಸುವವರು ಮೊದಲು ನೆಲ ನೋಡಬೇಕು, ಆಮೇಲೆ ಪೊರಕೆ ಹಿಡಿಯಬೇಕು. ಎರಡು ದಿನ ಒಂದೇ ಜಾಗದಲ್ಲಿ ಹಿಡಿಯಷ್ಟು ಮಣ್ಣು ಬಿದ್ದಿದ್ದರೆ ಅಲ್ಲಿಯ ತೊಲೆಯನ್ನು ಕೋಲಿನಿಂದ ಬಡಿದು ಸದ್ದು ಕೇಳುತ್ತಿದ್ದರು. ಟೊಳ್ಳೆನಿಸಿದರೆ ಕೆಳಗೊಂದು ಕಂಬ ಕೊಡುತ್ತಿದ್ದರು. "ಉದುರೋ ಮಾಳಿಗೆನ ನಂಬು, ಸುಮ್ನಿರೋ ಮಾಳಿಗೆನ ನಂಬಬ್ಯಾಡ" ಎಂದು ನಮ್ಮಜ್ಜ ಹೇಳುತ್ತಿದ್ದ. ಇದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಗೊತ್ತಿತ್ತು ಎನ್ನುವುದೇ ಈಗಲೂ ನನ್ನನ್ನು ಕಾಡುವುದು.

ಅಕ್ಕನನ್ನು ನೋಡಲು ಮೊದಲ ಸಲ ಹೊಸದುರ್ಗದ ಕಡೆಯವರು ಬಂದಿದ್ದರು. ಉಪ್ಪಿಟ್ಟಿನ ತಟ್ಟೆ ಕೈಗೆ ಕೊಟ್ಟದ್ದೇ ತಡ, ಹುಡುಗನ ಅತ್ತಿಗೆಯ ತಟ್ಟೆಗೆ ಮೇಲಿಂದ ಒಂದು ಚಿಟಿಕೆ ಮಣ್ಣು ಉದುರಿತು. ಆಕೆ ಮೇಲೆ ನೋಡಿ, "ಏನ್ರಿ ಬೀಗ್ರೆ, ನಿಮ್ಮೂರಾಗೆ ಉಪ್ಪಿಟ್ಟಿಗೆ ಮ್ಯಾಲಿಂದ ಮಸಾಲೆ ಹಾಕ್ತೀರಾ?" ಎಂದಳು. ಎಲ್ಲರೂ ನಕ್ಕರು. ದೊಡ್ಡವ್ವನೂ ನಕ್ಕಳು. ಅವರು ಹೋದವರು ತಿರುಗಿ ಸುದ್ದಿ ಕಳಿಸಲಿಲ್ಲ. ಮಣ್ಣಿಗಾಗಿಯೇ ಬಿಟ್ಟರೋ ಬೇರೆ ಕಾರಣವಿತ್ತೋ ಯಾರಿಗೆ ಗೊತ್ತು. ಅಕ್ಕ ಮಾತ್ರ ಆಮೇಲೆ ಪಡಸಾಲೆಗೆ ಬಂದಾಗಲೆಲ್ಲ ಒಮ್ಮೆ ಮೇಲೆ ನೋಡಿಯೇ ಕೂರುತ್ತಿದ್ದಳು.

ಅದಾಗಿ ಒಂದು ವಾರಕ್ಕೆ ದೊಡ್ಡವ್ವ ಮಿಷನ್ ತುಳಿಯುತ್ತ ನನಗೆ ಹೇಳಿದಳು. "ಮಾಳಿಗೆ ತೆಗೆಸಿ ಬ್ಯಾರೆ ಹಾಕ್ಸಾಕೆ ನನ್ನ ಕೈಲಿ ಆಗಲ್ಲ ಕಣೇ. ಅದಕ್ಕೊಂದು ಸೀರೆ ಉಡ್ಸಾಕಾದ್ರೂ ಆಗ್ತೈತಲ್ಲ."

ಊರಿಗೆ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ಬರುತ್ತಿದ್ದಳು. ಎಲ್ಲರೂ ಸೀರೆ ಕೊಟ್ಟು ಡಬರಿ ತೆಗೆದುಕೊಂಡರೆ ದೊಡ್ಡವ್ವ ತನ್ನ ಡಬರಿ ಕೊಟ್ಟು ಸೀರೆ ತೆಗೆದುಕೊಂಡಳು. ಪಾತ್ರೆಯವಳು ಬಾಯಿಯ ಮೇಲೆ ಕೈಯಿಟ್ಟು, "ಯವ್ವಾ, ಇಷ್ಟು ವರ್ಷದಾಗೆ ಇಂಥ ಗಿರಾಕಿನ ನಾ ನೋಡಿಲ್ಲ. ನಿಮ್ಮ ತಲೆಗಿಲೆ ನೆಟ್ಟಗೈತಾ?" ಎಂದಳು. "ತಲೆ ನೆಟ್ಟಗೈತೆ, ತಲೆ ಮ್ಯಾಲಿಂದೇ ನೆಟ್ಟಗಿಲ್ಲ" ಎಂದಳು ದೊಡ್ಡವ್ವ.

ಸೀರೆ ಬಿಡಿಸುವುದರಲ್ಲಿ ಅವಳದೊಂದು ಪದ್ಧತಿ ಇತ್ತು. ಮೊದಲು ಬಿಸಿಲಿಗೆ ಅಡ್ಡ ಹಿಡಿದು ನೋಡುವಳು. ನೆರಿಗೆ ಬೀಳುವ ಕಡೆ ಬಟ್ಟೆ ಸವೆದು ಬೆಳಕು ಸೋರುತ್ತದೆ, ಅದನ್ನು ಕತ್ತರಿಸಿ ತೆಗೆಯುವಳು. ಅಂಚೂ ಸೆರಗೂ ಗಟ್ಟಿ, ಅವನ್ನು ಇಟ್ಟುಕೊಳ್ಳುವಳು. ಹೀಗೆ ಯಾರ್‍ಯಾರದೋ ಮದುವೆಯ ಸೀರೆಗಳು, ಯಾರ್‍ಯಾರದೋ ಬಾಣಂತನದ ಸೀರೆಗಳು ಒಂದಕ್ಕೊಂದು ಕೂಡಿಕೊಂಡವು. ಬಾಗಿಲಿಗೆ ಇಳಕಲ್ ಸೆರಗಿನ ಪರದೆ ಬಂತು. ಟ್ರಂಕಿಗೆ ಹಾಸು, ರೇಡಿಯೊಗೆ ಮುಸುಕು. ಕೊನೆಗೆ ಪಡಸಾಲೆಯ ಉದ್ದಗಲಕ್ಕೆ ಸರಿಯಾಗಿ ಗಂಜಿ ಹಾಕಿದ ಒಂದು ದೊಡ್ಡ ಮೇಲ್ಕಟ್ಟು. ನಾಲ್ಕು ಗೋಡೆಗೂ ಮೊಳೆ ಹೊಡೆದು ಹುರಿಯಿಂದ ಬಿಗಿದೆವು. ಹಸಿರು, ಕೆಂಪು, ಅರಿಸಿನ… ಮಲಗಿ ನೋಡಿದರೆ ಹೊಲಗಳನ್ನು ಬೆಟ್ಟದ ಮೇಲಿಂದ ನೋಡಿದಂತಿತ್ತು. ಊರ ಹೆಂಗಸರು ಬಂದು ತಲೆಯೆತ್ತಿ ತಮ್ಮ ತಮ್ಮ ಸೀರೆ ಹುಡುಕುತ್ತಿದ್ದರು. "ಅಗಾ, ಅದು ನಂದು! ಅದು ಉಟ್ಕಂಡೇ ನಮ್ಮತ್ತೆ ಕೂಡ ಜಗಳಾಡಿದ್ದು!"

ಆದರೂ ಸೀರೆಯ ಎಳೆಗಳ ನಡುವಿಂದ ನುಣ್ಣನೆಯ ಧೂಳು ಇಳಿಯುತ್ತಲೇ ಇತ್ತು. ದೊಡ್ಡವ್ವ ಸೋತ ಮುಖ ಮಾಡಿ ಕೂತಾಗ ನಾನೇ ಹೇಳಿದೆ. "ದೊಡ್ಡವ್ವ, ಮೇಲ್ಗಡೆ ಯೂರಿಯಾ ಚೀಲ ಬಿಚ್ಚಿ ಹೊಲಿ. ಅದರಾಗಿಂದ ಏನೂ ಸೋರಲ್ಲ." ಅವಳು ನನ್ನ ಗಲ್ಲ ಹಿಡಿದು ಅಲುಗಾಡಿಸಿ, "ಕಾಲೇಜಿಗೆ ಹೋಗಿದ್ದಕ್ಕೂ ಸಾರ್ಥಕ ಆತು ಬಿಡೇ" ಎಂದಳು. ಮೇಲ್ಕಟ್ಟು ಇಳಿಸಿ, ಹತ್ತಾರು ಚೀಲ ಬಿಚ್ಚಿ ಒಳಪದರವಾಗಿ ಹೊಲಿದು ಮತ್ತೆ ಕಟ್ಟಿದೆವು. ಮರುದಿನ ನೆಲದ ಮೇಲೆ ಒಂದು ಕಣ ಮಣ್ಣಿರಲಿಲ್ಲ. ಅದರ ಮರುದಿನವೂ ಇರಲಿಲ್ಲ. ನಾವು ತುಂಬ ಖುಷಿಪಟ್ಟೆವು. ಮಾಳಿಗೆ ಉದುರುವುದನ್ನು ನಿಲ್ಲಿಸಿರಲಿಲ್ಲ. ನಮಗೆ ತೋರಿಸುವುದನ್ನು ನಿಲ್ಲಿಸಿತ್ತು, ಅಷ್ಟೆ. ಅದೂ ನನ್ನ ಬುದ್ಧಿವಂತಿಕೆಯಿಂದ.

ಆ ವರ್ಷ ಹಿಂಗಾರು ಮಳೆ ನಾಲ್ಕೈದು ದಿನ ಬಿಡದೆ ಹಿಡಿಯಿತು. ಮಳೆ ನಿಂತ ಮೇಲೆ ಎರಡನೇ ಗಂಡಿನ ಕಡೆಯವರು ಬರುವುದೆಂದಾಯಿತು. ಹುಡುಗನಿಗೆ ಚಿಕ್ಕಜಾಜೂರಿನಲ್ಲಿ ರೈಲ್ವೆ ಕೆಲಸ. ಬರುವ ದಿನ ಬೆಳಿಗ್ಗೆ ಪಡಸಾಲೆಯಲ್ಲಿ ಜಮಖಾನ ಹಾಸಲು ಹೋದಾಗ, ನಡುವಿನ ತೊಲೆಯ ಕೆಳಗೆ ಮೇಲ್ಕಟ್ಟು ದಿನ ತುಂಬಿದ ಹಸುವಿನ ಹೊಟ್ಟೆಯ ಹಾಗೆ ಇಳಿದಿರುವುದು ಕಣ್ಣಿಗೆ ಬಿತ್ತು. ತೇವಕ್ಕೆ ಗಂಜಿ ಬಿಟ್ಟು ಬಟ್ಟೆ ಸಡಿಲಾಗಿದೆ ಎಂದುಕೊಂಡೆ. "ದೊಡ್ಡವ್ವ, ಬಟ್ಟೆ ಜೋತೈತೆ" ಎಂದು ಕೂಗಿ ಹೇಳಿದೆ. "ಆಮ್ಯಾಕೆ ಬಿಗಿಯಾಣ ಬಿಡು" ಎಂದಳು ಅವಳು ಅಡುಗೆಮನೆಯಿಂದ.

ಹೀಗೆಂದು ಒಂದು ನೆನಪು. ಇನ್ನು ಕೆಲವು ಸಲ, ಆ ಮಾತು ನಡೆದದ್ದು ಹಿಂದಿನ ದಿನ, ಅದೂ ಬಾಗಿಲ ಪರದೆಯ ಬಗ್ಗೆ ಎನ್ನಿಸುತ್ತದೆ. ಹಾಗಿದ್ದರೆ ಆ ಬೆಳಿಗ್ಗೆ ನಾನು ಆ ಹೊಟ್ಟೆಯನ್ನು ನೋಡಿ, ಸುಮ್ಮನೆ ಜಮಖಾನ ಹಾಸಿ ಬಂದೆ ಎಂದಾಗುತ್ತದೆ.

ಮಧ್ಯಾಹ್ನ ಅವರು ಐದು ಜನ ಬಂದರು. ತಿಂಗಳುಗಟ್ಟಲೆ ಹೊಲಿದು ಸಿಂಗರಿಸಿದ ಪಡಸಾಲೆ ಅವರಿಗಾಗಿಯೇ ಕಾದಿತ್ತು. ಆದರೆ ದೊಡ್ಡವ್ವ ಬಾಗಿಲಿಗೆ ಅಡ್ಡ ನಿಂತು, "ಬರ್ರಿ, ಬರ್ರಿ, ಇಲ್ಲೇ ಬೇವಿನ ಮರದ ಕೆಳಗೆ ಕುಂತ್ಕಳ್ರಿ. ಒಳಗೆ ಭಾಳ ಸೆಕೆ" ಎಂದಳು. ನನ್ನ ಕಡೆ ತಿರುಗಿ, "ಲೇ, ಜಮಖಾನ ಹೊರಗೆ ತಗಂಬಾ" ಎಂದಳು. ನಾನು ತೆಗೆದುಕೊಂಡು ಬಂದೆ. ಅವತ್ತು ಸೆಕೆ ಇರಲಿಲ್ಲ. ಮಳೆ ಬಿಟ್ಟ ತಂಪು ಗಾಳಿ ಬೀಸುತ್ತಿತ್ತು, ಹುಡುಗನ ತಾಯಿ ಸೆರಗು ಹೊದ್ದುಕೊಂಡು ಕೂತಿದ್ದರು.

ಮಾತುಕತೆ ಚೆನ್ನಾಗಿಯೇ ನಡೆಯಿತು. ಅಕ್ಕ ಮಂಡಕ್ಕಿ ತಟ್ಟೆ ಕೊಟ್ಟು ದೊಡ್ಡವ್ವನ ಪಕ್ಕ ಕೂತಳು. ಅಷ್ಟರಲ್ಲಿ ಹುಡುಗನ ತಾಯಿ ಎದ್ದರು. "ಒಳಗೆ ಏನೋ ಸೀರೆಗಳಾಗೆ ಅರಮನೆ ಮಾಡೀರಂತೆ, ಊರೆಲ್ಲ ಹೇಳ್ತಾರೆ. ನಮಗೂ ತೋರಿಸ್ರಿ ಮತ್ತೆ." ದೊಡ್ಡವ್ವ ಥಟ್ಟನೆ ಎದ್ದು ಅವರ ಭುಜ ಹಿಡಿದು ಕೂರಿಸಿದಳು. "ತಡೀರಿ, ಒಳಗೆ ಕತ್ತಲೈತೆ, ದೀಪ ಹಚ್ಚಿ ಕರೀತೀನಿ" ಎಂದು, ನನ್ನನ್ನು ಅಡುಗೆಮನೆಗೆ ಕಾಫಿಗೆ ಕಳಿಸಿ ತಾನೂ ಒಳಗೆ ಹೋದಳು.

ನಾನು ಅಡುಗೆಮನೆಯಿಂದ ಕಾಫಿಯ ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಪಡಸಾಲೆಗೆ ಕಾಲಿಟ್ಟಿದ್ದೆ. ಮೊದಲು ಕೇಳಿದ್ದು ತೊಲೆಯ ಸದ್ದಲ್ಲ, ಬಟ್ಟೆ ಹರಿಯುವ ಸದ್ದು. ಅಂಗಡಿಯಲ್ಲಿ ಕುಪ್ಪಸದ ಕಣ ಹರಿದು ಕೊಡುವಾಗ ಬರುತ್ತದಲ್ಲ, ಹಾಗೆ, ಆದರೆ ಮುಗಿಯದ ಹಾಗೆ… ದೊಡ್ಡವ್ವ ಮೇಲೆ ನೋಡಿದಳು. ನನ್ನನ್ನು ನೋಡಿದಳು. "ಹಿಂದಕ್ಕೋಗೇ!" ಎಂದು ಕಿರುಚಿದಳು. ನಾನು ಹೋಗಲಿಲ್ಲ, ತಟ್ಟೆ ಹಿಡಿದು ನಿಂತೇ ಇದ್ದೆ. ಅವಳು ನನ್ನತ್ತ ಓಡಿ ಬಂದಳು. ಎದೆಗೆ ಎರಡು ಕೈ ಬಡಿದದ್ದು, ನಾನು ಅಡುಗೆಮನೆಯ ಒಳಗೆ ಅಂಗಾತ ಬಿದ್ದದ್ದು, ಬಿಸಿ ಕಾಫಿ ಕುತ್ತಿಗೆಗೆ ಚೆಲ್ಲಿದ್ದು ನೆನಪಿದೆ. ಆಮೇಲೆ ಬರೀ ಮಣ್ಣು. ಕಣ್ಣಲ್ಲಿ, ಬಾಯಲ್ಲಿ, ಕಿವಿಯಲ್ಲಿ.

ಹೊರಗಿದ್ದವರೆಲ್ಲ ಕೈಯಿಂದ, ಸನಿಕೆಯಿಂದ ಮಣ್ಣು ಬಗೆದರು. ನೋಡಲು ಬಂದ ಹುಡುಗನೇ ಇಸ್ತ್ರಿ ಮಾಡಿದ ಅಂಗಿ ಬಿಚ್ಚೆಸೆದು ಮುಂದೆ ನಿಂತಿದ್ದ. ದೊಡ್ಡವ್ವನ ಸೊಂಟದ ಮೇಲೆ ತೊಲೆ ಬಿದ್ದಿತ್ತು. ಅದರ ಒಳಗೆ ಗೆದ್ದಲು ಬಿಟ್ಟರೆ ಮರವೇ ಇರಲಿಲ್ಲ. ಜೀವ ಉಳಿಯಿತು. ಚೀಲದ ಪದರ ಮಣ್ಣನ್ನು ಒಂದು ಗಳಿಗೆ ತಡೆಹಿಡಿದಿದ್ದರಿಂದಲೇ ನೀವಿಬ್ಬರೂ ಉಳಿದಿರಿ ಎಂದು ಯಾರೋ ಹೇಳಿದರು. ಅದೇ ಚೀಲ ಇಲ್ಲದಿದ್ದರೆ ಎಂದೋ ಗೊತ್ತಾಗಿ ಕಂಬ ಕೊಡುತ್ತಿದ್ದರು ಎಂದು ನಮ್ಮಜ್ಜ ಗೊಣಗಿದ. ಎರಡೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ನನಗೆ ಇವತ್ತಿಗೂ ಬರುವುದಿಲ್ಲ.

ಮದುವೆ ನಿಲ್ಲಲಿಲ್ಲ. ಮಣ್ಣು ಬಗೆದ ಆ ಹುಡುಗನೇ ಅಕ್ಕನನ್ನು ಮದುವೆಯಾದ. ದೊಡ್ಡವ್ವನನ್ನೂ ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿಗೆ ಕರೆದುಕೊಂಡು ಹೋದ. ನಾನು ಒಮ್ಮೆ ಹೋಗಿದ್ದೆ. ಅವಳು ಕೋಲೂರಿಕೊಂಡು ಬಂದು ಬಾಗಿಲು ತೆಗೆದಳು. ಕಿಟಕಿಗಳಿಗೆ ಪರದೆ ಇರಲಿಲ್ಲ. ಕೇಳಬೇಕೆಂದೇ ಹೋಗಿದ್ದೆ. ಅವತ್ತು ನಿನಗೆ ಗೊತ್ತಿತ್ತಾ? ಗೊತ್ತಿದ್ದರೆ ನೀನೇಕೆ ಒಳಗೆ ಹೋದೆ? ನನ್ನನ್ನೇಕೆ ಅಡುಗೆಮನೆಗೆ ಕಾಫಿಗೆ ಕಳಿಸಿದೆ? ನನ್ನನ್ನು ತಳ್ಳಿದೆಯೋ, ನೀನು ಓಡುವಾಗ ನಾನು ಅಡ್ಡ ಬಂದೆನೋ? ಅವಳು ಕೇಳಿದ್ದು ಒಂದೇ. "ಉಣ್ತೀಯೇನೇ?" ಉಂಡು ಬಂದೆ. ಕೆಲವು ವರ್ಷದ ಮೇಲೆ ಅವಳು ಹೋದ ಸುದ್ದಿ ಬಂತು. ಪರೀಕ್ಷೆಯ ಕೆಲಸವಿದೆ ಎಂದು ನಾನು ಮಣ್ಣಿಗೂ ಹೋಗಲಿಲ್ಲ.

ಮೊನ್ನೆ ಭಾನುವಾರ ಚಿಕ್ಕಜಾಜೂರಿಗೆ ಹೋದೆ. ಅಕ್ಕನ ತಲೆ ಅರ್ಧ ಬೆಳ್ಳಗಾಗಿದೆ. ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, "ನೀನೊಬ್ಬಳು ಇಲ್ದಿದ್ರೆ ಅವತ್ತು ಇವ್ರ ಮನೆಯೋರೆಲ್ಲ ಮಣ್ಣಾಗೇ ಇರ್ತಿದ್ರು ಕಣೇ" ಎಂದಳು.

"ನಾನೇನು ಮಾಡ್ದೆ ಅಕ್ಕ?"

"ಅಯ್ಯೋ, ನೀನೇ ಅಲ್ವಾ ಬೆಳಿಗ್ಗೆ ಅವ್ವಂಗೆ ಹೇಳಿದ್ದು? ಬಟ್ಟೆ ಜೋತೈತೆ, ಒಳಗೆ ಯಾರ್ನೂ ಕುಂದ್ರಿಸಬ್ಯಾಡ ಅಂತ. ಸಾಯೋ ತನಕ ಬಂದೋರಿಗೆಲ್ಲ ಹೇಳ್ತಿದ್ಲು. ಯೂರಿಯಾ ಚೀಲ ಹೊಲ್ದಿದ್ದು ನನ್ನ ಕೆಟ್ಟ ಬುದ್ಧಿ, ಆ ಹುಡುಗಿ ಕಣ್ಣು ಚುರುಕಿತ್ತು, ಉಳ್ಕಂಡ್ವಿ ಅಂತ."

ಒಳಗೆ ಯಾರನ್ನೂ ಕೂರಿಸಬೇಡ ಎಂದು ನಾನು ಹೇಳಿರಲಿಲ್ಲ. ಅಷ್ಟು ಖಂಡಿತ. ಖಂಡಿತವೇ?… ಮಗು ನನ್ನ ಬೆರಳು ಹಿಡಿದುಕೊಂಡಿತ್ತು.

"ಅಕ್ಕ, ಚೀಲ ಹೊಲಿ ಅಂದಿದ್ದು ನಾನು."

ಅಕ್ಕ ಮಗುವನ್ನು ತಟ್ಟುತ್ತಿದ್ದ ಕೈ ನಿಲ್ಲಿಸಿದಳು. ಅವಳಿಗೆ ಸಿಟ್ಟು ಬಂದಿದೆಯೋ ಅಳು ಬಂದಿದೆಯೋ ತಿಳಿಯಲಿಲ್ಲ.

"ಅವ್ವಂಗೆ ಅದು ನೆನಪಿರ್ಲಿಲ್ವಾ?"

"ಇತ್ತು ಅನ್ಸುತ್ತೆ."

"ಮತ್ಯಾಕಂಗೆ ಹೇಳ್ತಿದ್ಲು?"

ನನಗೆ ಗೊತ್ತಿಲ್ಲ ಎಂದೆ. ಅಕ್ಕನಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ದೊಡ್ಡವ್ವ ಒಬ್ಬಳೇ. ನಾನು ಉಂಡು ಎದ್ದು ಬಂದ ಆ ದಿನ ಅವಳು ನನ್ನ ಎದುರಿಗೇ ಕೂತಿದ್ದಳು.