ಮಾಣಿಕರಾಯ ಮಾಸ್ತರರ ದಕ್ಷಿಣ ಅಮೆರಿಕ

ಮಾಣಿಕರಾಯ ಮಾಸ್ತರರು ಮಗ್ಗಿ ಹೇಳುತ್ತಿದ್ದುದು ಉರ್ದುವಿನಲ್ಲಿ, ಬೈಯುತ್ತಿದ್ದುದು ಮರಾಠಿಯಲ್ಲಿ, ಪಾಠ ಮಾತ್ರ ಕನ್ನಡದಲ್ಲಿ. ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಓದಿದವರು. ಬೀದರ್ ಕನ್ನಡ ರಾಜ್ಯಕ್ಕೆ ಸೇರಿದಾಗ, ಮೂವತ್ತು ದಾಟಿದ ಮೇಲೆ, ಕನ್ನಡದ ಅಕ್ಷರ ತಿದ್ದಿದರು. ಇಂದು ಕಲಿತದ್ದನ್ನು ನಾಳೆ ಕಲಿಸುತ್ತಿದ್ದರು.

ಸಂತಪುರದ ನಮ್ಮ ಶಾಲೆಯಲ್ಲಿ ಭೂಗೋಳ ಅವರದು. ದಕ್ಷಿಣ ಅಮೆರಿಕ ಬಂದರೆ ವಾರಗಟ್ಟಲೆ ಮುಂದೆ ಹೋಗುತ್ತಿರಲಿಲ್ಲ. ಬ್ರೆಜಿಲಿನ ಮೇಲೆ ಅಂಗೈ ಇಟ್ಟು ಹೇಳುವರು: “ಇಲ್ಲಿ ಪೋರ್ಚುಗೀಜರು ಆಳಿದ್ರು, ಅವರ ಮಾತು ಉಳೀತು. ಸುತ್ತ ಬಹಳಷ್ಟು ಸ್ಪೇನಿನವರದು. ಸುರಿನಾಮದಾಗ ಡಚ್ಚರು, ಗಯಾನಾದಾಗ ಇಂಗ್ಲಿಷರು. ಮೊದಲಿದ್ದವರ ಮಾತು ಎಲ್ಲಿ ಹೋಯ್ತು?”

ನಾವು ನಕಾಶೆಯಲ್ಲಿ ಹುಡುಕುತ್ತಿದ್ದೆವು.

“ನಕಾಶೆದಾಗ ಹ್ಯಾಂಗ ಸಿಗ್ತದ? ಪೆರುವಿನ ಗುಡ್ಡದಾಗ ಕೆಚುವಾ ಮಾತು ಅದ. ಪರಾಗ್ವೇದಾಗ ಮನಿಮನಿಯಾಗ ಗ್ವಾರಾನಿ ಅದ.”

ಒಮ್ಮೆ ಕೇಳಿದೆ: “ಹಂಗಾರ ನಿಮ್ಮ ಉರ್ದುನೂ ರಾಜರು ಹೇರಿದ್ದೇನ್ರಿ ಸರ್?”

ನಕಾಶೆ ಸುತ್ತಿಡುತ್ತಾ ಹೇಳಿದರು: “ಹೇರಿದ್ದೇ. ಆದ್ರ ಅದರ ಮ್ಯಾಲ ಜೀವ ಅದ. ಏನನಬೇಕು ನನಗೂ ತಿಳೀವಲ್ದು.”

ನನಗೂ ತಿಳಿಯಲಿಲ್ಲ.

ನನ್ನ ಮೆಟ್ರಿಕ್‌ಗೆ ಒಂದೇ ವರ್ಷ ಉಳಿದಿತ್ತು, ಬರ ಬಿತ್ತು. ಮನೆಯವರು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟರು. ಅಪ್ಪ ನನ್ನ ಟಿ.ಸಿ. ಕೇಳಲು ಬಂದ. “ಅಲ್ಲಿ ತೆಲುಗು ಸಾಲಿ ಅದಾವ್ರಿ, ಕಲೀತಾಳ.”

ಮಾಸ್ತರರು ಪರಾಗ್ವೇಯಿಂದ ಶುರು ಮಾಡಿದರು.

“ಪರಾಗ್ವೇ ನಮ್ಮ ಔರಾದ್ ತಾಲೂಕಿನ್ಯಾಗ ಬರ್ತದೇನ್ರಿ?” ಎಂದ ಅಪ್ಪ.

ಮಾಸ್ತರರು ನಕ್ಕರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: “ಓದಿದ್ದೆಲ್ಲಾ ಬದಿಗಿಟ್ಟು ಮತ್ತ ಅಕ್ಷರದಿಂದ ಶುರು ಮಾಡೋದು ಏನಂತ ನನಗ ಗೊತ್ತದರಿ. ಹುಡುಗೀನ ನಮ್ಮನ್ಯಾಗ ಬಿಟ್ಟು ಹೋಗ್ರಿ. ನನ್ನ ಹೆಂಡತಿ ನೋಡ್ಕೋತಾಳ.”

ಅಪ್ಪ ಬಿಟ್ಟುಹೋದ. ಮೂರು ವರ್ಷದ ತಮ್ಮನನ್ನು ಅವ್ವ ಕಂಕುಳಲ್ಲಿ ಎತ್ತಿಕೊಂಡು ಹೋದಳು. ಅವರು ಅಲ್ಲೇ ಉಳಿದರು.

ನಾನು ನಡುನಡುವೆ ನಿಲ್ಲಿಸುತ್ತಾ ಓದಿ ಬಿ.ಎ. ಮಾಡಿದೆ. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು, ಹೇಳಿಕೊಳ್ಳಲು ಸಂಕೋಚವಿಲ್ಲ. ಪ್ರಮಾಣಪತ್ರ ಹಿಡಿದು ನೌಬಾದಿಗೆ ಹೋದೆ. ನಿವೃತ್ತರಾಗಿ ಅಲ್ಲಿ ನೆಲೆಸಿದ್ದ ಮಾಸ್ತರರು ಹಾಸಿಗೆ ಹಿಡಿದಿದ್ದರು. ಬೆರಳಿನಿಂದ ಪ್ರತಿ ಸಾಲನ್ನೂ ಮುಟ್ಟಿ ಓದಿ ಕೇಳಿದರು: “ನಿನ್ನ ತಮ್ಮ ಪತ್ರ ಬರೀತಾನೇನು?”

“ತೆಲುಗಿನಾಗ ಬರೀತಾನ್ರಿ. ಅಕ್ಷರ ನಮ್ಮವೇ ಅನಸ್ತಾವ, ಅರ್ಥ ಆಗೂದಿಲ್ಲ. ಯಾರ ಕಡಿಂದಾರ ಓದಿಸ್ತೇನಿ.”

ಕಣ್ಣು ಮುಚ್ಚಿದರು. “ಇಬ್ಬರನ್ನೂ ಇಟ್ಕೋಬೇಕಿತ್ತೇನೋ. ಇಲ್ಲಾ ಇಬ್ಬರನ್ನೂ ಕಳಿಸಬೇಕಿತ್ತೇನೋ.”

ಎರಡು ತಿಂಗಳಿಗೆ ತೀರಿಕೊಂಡರು. ‘ನೀವು ಮಾಡಿದ್ದು ಸರಿ ಸರ್’ ಎಂದು ಅವತ್ತೇ ಹೇಳಬಹುದಿತ್ತು. ಪ್ರಮಾಣಪತ್ರ ಮಡಚುತ್ತಾ ಕೂತಿದ್ದೆ.